ಚಪ್ಪಡಿಯ ಕೆಳಗಿನ ಗಂಟೆ

ಸತ್ತವನ ಎದೆಯ ಮೇಲೆ ಹೊದಿಕೆ ಸರಿಪಡಿಸಿ ನರ್ಸ್ ಕಂಪ್ಯೂಟರ್ ಪರದೆಯತ್ತ ತಿರುಗಿದಳು. ಬೆಳಗ್ಗೆ ಔಷಧ ಐವತ್ತು ಮಿಲಿ ಎಂದಿದ್ದ ಜಾಗದಲ್ಲಿ ಈಗ ಐದು ಮಿಲಿ ಎಂದಿತ್ತು.

ಕಣ್ಣುಜ್ಜಿಕೊಂಡಳು. ಪಕ್ಕದ ವಾರ್ಡಿಗೆ ಓಡಿ ಅಲ್ಲಿನ ಕಂಪ್ಯೂಟರಿನಲ್ಲಿ ನೋಡಿದಳು. ಐದು. ಮುದ್ರಿಸಿದಳು. ಐದು. ಪಂಪ್ ಮಾತ್ರ ಐವತ್ತು ಮಿಲಿ ಹೃದಯದ ಔಷಧವನ್ನು ರೋಗಿಯ ರಕ್ತಕ್ಕೆ ಇಳಿಸಿ ಮುಗಿಸಿತ್ತು. ಆ ಸಂಖ್ಯೆ ಒತ್ತಿದ ಬೆರಳು ಅವಳದೇ.

"ಡಾಕ್ಟರು ಐವತ್ತು ಅಂತಲೇ ಬರೆದಿದ್ರು," ಎಂದಳು ಇನ್‌ಸ್ಪೆಕ್ಟರ್ ಬಂದಾಗ. "ಜಾಸ್ತಿ ಅನ್ನಿಸಿ ಫೋನ್ ಕೂಡ ಮಾಡಿದೆ. ಬರೆದಷ್ಟು ಹಾಕಮ್ಮ, ತಲೆ ತಿನ್ಬೇಡ ಅಂದ್ರು."

"ಫೋನಲ್ಲೂ ಐದು ಅಂತಲೇ ಹೇಳಿದೆ ಅಂತಾರೆ ಅವರು. ಕಂಪ್ಯೂಟರೂ ಅದನ್ನೇ ಹೇಳುತ್ತೆ. ಸಂಜೆಯೊಳಗೆ ಬೇರೇನೂ ಸಿಗದಿದ್ರೆ ನಿಮ್ಮನ್ನ ಕರ್ಕೊಂಡು ಹೋಗ್ಬೇಕಾಗುತ್ತೆ."

ಬಾಗಿಲಲ್ಲಿ ನಿಂತಿದ್ದವಳು ಚೌಕಟ್ಟನ್ನು ಬೆರಳಿನಿಂದ ಟಕಟಕ ಕುಟ್ಟುತ್ತಿದ್ದಳು. ಪೊಲೀಸ್ ಇಲಾಖೆಯ ಕಂಪ್ಯೂಟರ್ ತಜ್ಞೆ. ಯೋಚಿಸುವಾಗಲೆಲ್ಲ ಹೀಗೆ ಕುಟ್ಟುವ ಚಟದಿಂದ ಇಲಾಖೆಯಲ್ಲಿ ಅವಳಿಗೆ ಮರಕುಟಿಕ ಎಂದೇ ಹೆಸರು. ನರ್ಸ್ ಅವಳ ಅಣ್ಣನ ಹೆಂಡತಿ.

"ನಿಮ್ಮತ್ತಿಗೆ ಕೇಸು ನಿಮಗೆ ಕೊಡಬಾರದು," ಎಂದ ಇನ್‌ಸ್ಪೆಕ್ಟರ್. "ಆದ್ರೆ ಯಂತ್ರದ ಹೊಟ್ಟೆಗೆ ಕೈ ಹಾಕೋರು ನಮ್ಮಲ್ಲಿ ಇನ್ಯಾರಿದಾರೆ? ನೀವು ಮಾಡೋದನ್ನೆಲ್ಲ ಪಕ್ಕದಲ್ಲಿ ಕೂತು ನೋಡ್ತೀನಿ."

"ಅರ್ಥ ಆಗುತ್ತಾ?"

"ಇಲ್ಲ. ಆದ್ರೂ ನೋಡ್ತೀನಿ."

*

ಆಸ್ಪತ್ರೆಯ ದಾಖಲೆಗಳೆಲ್ಲ ಇದ್ದ ಸರ್ವರ್ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲ. ಫ್ಯಾನುಗಳು ಮಲಗಿದ ಪ್ರಾಣಿಯಂತೆ ಒಂದೇ ಸಮ ಉಸಿರಾಡುತ್ತಿದ್ದವು. ಆ ಯಂತ್ರದೊಳಗೆ ಏನು ಬೇಕಾದರೂ ಮಾಡುವ ಅಧಿಕಾರ ಇಬ್ಬರಿಗಿತ್ತು, ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಮತ್ತು ಅವನ ಕೈಕೆಳಗಿನ ಸಹಾಯಕಿ. ಇಬ್ಬರದೂ ಒಂದೇ ಪಾಸ್‌ವರ್ಡ್.

"ಒಂದ್ಸಲ ಆಫ್ ಮಾಡಿ ಆನ್ ಮಾಡೋಣ," ಎಂದಳು ಸಹಾಯಕಿ. "ಅರ್ಧ ಕಾಯಿಲೆ ಅಲ್ಲೇ ವಾಸಿ."

"ಮೇಲೆ ರೋಗಿಗಳಿದಾರೆ. ಇದು ನಿಲ್ಲೋ ಹಾಗಿಲ್ಲ," ಎಂದ ಮುಖ್ಯಸ್ಥ.

ಬಿಳಿ ಕೋಟಿನ ಯುವಕನೊಬ್ಬ ಇಣುಕಿದ. "ಮಾವ, ಊಟಕ್ಕೆ..." ಪೊಲೀಸರನ್ನು ಕಂಡು ಬಾಗಿಲು ಎಳೆದುಕೊಂಡ.

ಮರಕುಟಿಕ ದಾಖಲೆಯ ಚರಿತ್ರೆ ತೆಗೆದಳು. ಯಾರು ತಿದ್ದಿದರೂ ಅಲ್ಲಿ ಗುರುತು ಉಳಿಯಬೇಕು. ಒಂದೂ ಇರಲಿಲ್ಲ. ಯಾರೂ ಮುಟ್ಟದ ಸಂಖ್ಯೆ ತಾನಾಗಿ ಬದಲಾಗಿತ್ತು.

"ಕರ್ನಲ್ಲಿನೊಳಗೆ ಪ್ರೋಬ್ ಹಾಕ್ತೀನಿ," ಎಂದಳು.

ಇನ್‌ಸ್ಪೆಕ್ಟರ್ ಹುಬ್ಬೇರಿಸಿದ.

"ಕರ್ನಲ್ ಅಂದ್ರೆ ಯಂತ್ರದ ಒಳಗಿನ ಊರು ಅಂದ್ಕೊಳ್ಳಿ. ಡಿಸ್ಕಿಂದ ಒಂದಕ್ಷರ ಓದ್ಬೇಕಾದ್ರೂ ಅಲ್ಲಿನ ಬೀದಿ ದಾಟಿಯೇ ಬರ್ಬೇಕು. ಓಡಾಟ ನಿಲ್ಲಿಸದೆ ಬೀದಿಯ ಒಂದು ಚಪ್ಪಡಿ ಎತ್ತಿ ಕೆಳಗೆ ಗಂಟೆ ಇಡ್ತೀನಿ, ಅದೇ ಪ್ರೋಬ್. ಒಂದು ಬೈಟ್, ಅಂದ್ರೆ ಒಂದಕ್ಷರದಷ್ಟು ಜಾಗ, ಬದಲಾಯಿಸಿದ್ರೆ ಸಾಕು. ಯಾರಾದ್ರೂ ಮೆಟ್ಟಿದ್ರೆ ಗಂಟೆ ಬಾರಿಸುತ್ತೆ. ಯಾರು, ಕೈಲೇನಿದೆ ಅಂತ ನೋಡ್ಕೊಂಡು, ತೆಗೆದಿಟ್ಟ ಚಪ್ಪಡೀನ ಅವನ ಕಾಲಡಿ ಹಿಡಿದು ಮುಂದಕ್ಕೆ ಕಳಿಸ್ತೀನಿ. ನಿಂತಿದ್ದೆ ಅಂತ ಅವನಿಗೇ ಗೊತ್ತಾಗಲ್ಲ."

"ಹಾಗಾದ್ರೆ ನನ್ನ ಕಾಲಡೀಲೂ ಇರಬಹುದು," ಎಂದ ಇನ್‌ಸ್ಪೆಕ್ಟರ್. ನಗಲು ಹೊರಟವನು ಯಾಕೋ ನಗಲಿಲ್ಲ.

*

ಮೊದಲು ಎರಡು ಗಂಟೆ ಕಟ್ಟಿದಳು. ಒಂದು ತಳದಲ್ಲಿ, ಡಿಸ್ಕಿನಿಂದ ಅಕ್ಷರಗಳು ಮೇಲೆ ಬರುವಲ್ಲಿ. ಇನ್ನೊಂದು ಮೇಲ್ಬಾಗಿಲಲ್ಲಿ, ಅವು ವಾರ್ಡಿನ ಪರದೆಗೆ ಹೊರಡುವಲ್ಲಿ. ಅತ್ತಿಗೆಗೆ ಫೋನ್ ಮಾಡಿ ಆ ದಾಖಲೆ ತೆರೆಯಲು ಹೇಳಿದಳು.

ತಳದ ಗಂಟೆ: ಐವತ್ತು.

ಮೇಲಿನ ಗಂಟೆ: ಐದು.

ಕುಟ್ಟುತ್ತಿದ್ದ ಬೆರಳು ನಿಂತಿತು. "ಡಿಸ್ಕಲ್ಲಿ ಐವತ್ತೇ ಇದೆ. ನಡುವಿನ ಮೆಟ್ಟಿಲ ಮೇಲೆ ಯಾರೋ ನಿಂತಿದಾರೆ."

ಓಡುತ್ತಿದ್ದ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಅಂಥವರು ಯಾರೂ ಇರಲಿಲ್ಲ. ಅವಳು ಒಂದೊಂದೇ ಮೆಟ್ಟಿಲು ಇಳಿಯುತ್ತ ಗಂಟೆ ಕಟ್ಟಿದಳು. ಐದು. ಐದು. ಇನ್ನೊಂದು ಮೆಟ್ಟಿಲು. ಚಪ್ಪಡಿ ಎತ್ತಲು ಹೋದವಳು ಕೈ ಹಿಂದೆಗೆದಳು.

ಅಲ್ಲಿ ಆಗಲೇ ಗಂಟೆಯಿತ್ತು. ಅವಳದಲ್ಲ. ಗಂಟೆಗಳ ಬಗ್ಗೆ ಯಂತ್ರವೇ ಇಡುವ ಪಟ್ಟಿಯಲ್ಲೂ ಇಲ್ಲ. ಇದು ಬರೀ ಬಾರಿಸುವ ಗಂಟೆಯೂ ಅಲ್ಲ. ಹಾದುಹೋಗುವವರ ಕೈಯಲ್ಲಿದ್ದದ್ದನ್ನು ಬದಲಿಸಿ ಕಳಿಸುತ್ತಿತ್ತು. ಅವಳು ಇಷ್ಟು ಹೊತ್ತು ಕತ್ತಲಲ್ಲಿ ಕಿವಿಗೊಟ್ಟು ಕೂತಿದ್ದಳು. ಅಲ್ಲೇ ಮಗ್ಗುಲಲ್ಲಿ ಇನ್ನೊಬ್ಬ ಅವಳಿಗಿಂತ ಮೊದಲೇ ಬಂದು ಕೂತಿದ್ದ.

*

ಯಾರು ಯಾವಾಗ ಒಳಬಂದರೆಂಬ ದಾಖಲೆಯಲ್ಲಿತ್ತು: ರೋಗಿ ಸತ್ತ ಕೂಡಲೇ ಆ ಇಬ್ಬರ ಪಾಸ್‌ವರ್ಡ್ ಬಳಸಿ ಒಬ್ಬರು ಒಳಗೆ ಬಂದಿದ್ದರು. ಬಂದದ್ದು ಸಹಾಯಕಿಯ ಕಂಪ್ಯೂಟರಿನಿಂದ.

"ನನ್ನ ಮೇಜು ಬಸ್ ನಿಲ್ದಾಣ ಇದ್ದ ಹಾಗೆ," ಎಂದಳು ಸಹಾಯಕಿ. "ಯಾರು ಬೇಕಾದ್ರೂ ಕೂರ್ತಾರೆ."

"ಸ್ಟೇಷನ್ನಲ್ಲಿ ಎಲ್ಲರೂ ಹೀಗೇ ಅನ್ನೋದು," ಎಂದು ಇನ್‌ಸ್ಪೆಕ್ಟರ್ ಎದ್ದ.

ಮರಕುಟಿಕ ಅವನ ತೋಳು ಹಿಡಿದು ಕೂರಿಸಿದಳು. ನಿಯಮದಂತೆ ತಿಳಿಸಬೇಕೆಂದು ಹೇಳಿ ಮೊದಲು ಸಹಾಯಕಿಯನ್ನು ಹೊರಗೆ ಕರೆದಳು. ಆಮೇಲೆ ಮುಖ್ಯಸ್ಥನನ್ನು. ಇಬ್ಬರಿಗೂ ತಾನು ಗಂಟೆ ಕಟ್ಟಿದ ಜಾಗ ಹೇಳಿದಳು. ಒಬ್ಬೊಬ್ಬರಿಗೆ ಒಂದೊಂದು ಜಾಗ. ಎರಡೂ ಸುಳ್ಳು. ಅವರಿಬ್ಬರನ್ನೂ ಹೊರಗೇ ಬಿಟ್ಟು, ಮತ್ತೆ ಬಂದು ಕಾಯುತ್ತ ಕೂತಳು.

ಫ್ಯಾನುಗಳು ಉಸಿರಾಡಿದವು. ಪರದೆ ಖಾಲಿಯಿತ್ತು. ಇನ್‌ಸ್ಪೆಕ್ಟರ್ ಕಾಲು ಬದಲಿಸಿದ. ಆಮೇಲೆ, ಯಾರೂ ಕೀಲಿಮಣೆ ಮುಟ್ಟದೆ, ಒಂದು ಸಾಲು ಮೂಡಿತು.

"ಬಂದ," ಎಂದಳು ಪಿಸುದನಿಯಲ್ಲಿ.

*

ಕೋಣೆಗೆ ಎಲ್ಲರನ್ನೂ ಕರೆಸಿದರು.

"ನನ್ನ ನಿಜವಾದ ಗಂಟೆ ಇದ್ದದ್ದು ಬೇರೆ ಕಡೆ," ಎಂದಳು ಮರಕುಟಿಕ. "ಚಪ್ಪಡಿ ಕೆಳಗೆ ಗಂಟೆ ಇದೆಯಾ ಅಂತ ಬಗ್ಗಿ ನೋಡೋರು ಕರ್ನಲ್ಲಿನ ಮೆಮೊರಿ ಓದ್ಬೇಕು. ಆ ಓದೋ ದಾರೀಲೇ ಕಟ್ಟಿದ್ದೆ. ತಪ್ಪು ಮಾಡದೋರು ಬಗ್ಗಿ ನೋಡಲ್ಲ. ಯಾರೋ ನೋಡಿದ್ರು. ಈ ಸಲವೂ ಸಹಾಯಕಿಯವರ ಕಂಪ್ಯೂಟರಿಂದಲೇ. ಆದ್ರೆ ಬಗ್ಗಿದ ಜಾಗ ಅವರಿಗೆ ಹೇಳಿದ್ದಲ್ಲ." ಮುಖ್ಯಸ್ಥನತ್ತ ತಿರುಗಿದಳು. "ನಿಮಗೊಬ್ಬರಿಗೇ ಹೇಳಿದ್ದು, ಸಾರ್."

ಮುಖ್ಯಸ್ಥ ಬಾಗಿಲತ್ತ ನೋಡಿದ.

"ಡಿಸ್ಕಲ್ಲಿ ತಿದ್ದಿದ್ರೆ ಗುರುತು ಉಳಿಯುತ್ತಿತ್ತು. ಅದಕ್ಕೆ ದಾಖಲೆ ಬಿಟ್ಟು ಯಂತ್ರದ ಕಣ್ಣು ತಿದ್ದಿದಿರಿ. ಇಂಥ ಗಂಟೆಗೆ ಮೆಮೊರೀಲಷ್ಟೇ ಜೀವ. ಯಂತ್ರ ಒಂದ್ಸಲ ಆರಿದ್ರೆ ಹೋಯ್ತು. ಆಫ್ ಮಾಡೋಕೆ ನೀವು ಬಿಡದಿದ್ದದ್ದು ಅದಕ್ಕೇ. ಸೊನ್ನೆ ಹೆಚ್ಚಿಗೆ ಬರೆದೋರು ಆ ಡಾಕ್ಟರು. ಮಾವ ಅಂತ ಊಟಕ್ಕೆ ಕರೆಯೋಕೆ ಬಂದ ನಿಮ್ಮ ಅಳಿಯ."

"ಮಗಳ ಮುಖ ನೋಡಿ..." ಎಂದ ಮುಖ್ಯಸ್ಥ, ನೆಲ ನೋಡುತ್ತ.

"ನನ್ನ ಮುಖ ನೋಡಿ, ಸಾರ್," ಎಂದಳು ನರ್ಸ್.

ಅವನು ನೋಡಲಿಲ್ಲ.

ಆ ಡಾಕ್ಟರು ಹಿಂದೆ ಬರೆದ ಔಷಧದ ಆದೇಶಗಳನ್ನೂ ಸೇರಿಸಿ ಮರಕುಟಿಕ ಪರದೆಯ ಮೇಲೆ ಹರಡಿದಳು. ಮುಖ್ಯಸ್ಥ ಕಿತ್ತಿದ್ದ ಬೈಟನ್ನು ಮೊದಲಿನಂತೆ ಇಟ್ಟಳು. ಐದರ ಜಾಗದಲ್ಲಿ ಐವತ್ತು ಬಂತು. ಇನ್‌ಸ್ಪೆಕ್ಟರ್ ನರ್ಸಿನತ್ತ ತಲೆಯಾಡಿಸಿದ. "ನೀವು ಮನೆಗೆ ಹೋಗಬಹುದಮ್ಮ."

ಅವಳು ಕದಲಲಿಲ್ಲ. ಪರದೆ ಇನ್ನೂ ಬದಲಾಗುತ್ತಿತ್ತು. ಮೇಲೊಂದು ಸಾಲು. ಅದರ ಮೇಲೆ ಇನ್ನೊಂದು. ಹಿಂದಿನ ತಿಂಗಳುಗಳತ್ತ, ಸದ್ದಿಲ್ಲದೆ, ಸಂಖ್ಯೆಗಳು ಒಂದೊಂದಾಗಿ ದೊಡ್ಡವಾಗುತ್ತ ಹೋದವು.

"ಈ ರೋಗಿಗಳು ಯಾರೂ ಮನೆಗೆ ಹೋಗಲಿಲ್ಲ," ಎಂದಳು ಅತ್ತಿಗೆ. ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದಕ್ಕೆ ನಮ್ಮ ಹಿರಿಯ ನರ್ಸಕ್ಕನ್ನ ಕೆಲಸದಿಂದ ತೆಗೆದ್ರು. ನಾನು ಓದಿದ್ದ ಸಂಖ್ಯೆ ಬೇರೆ ಅಂತ ಅವರು ಕೊನೇವರೆಗೂ ಅಂತಿದ್ರು. ನಾವ್ಯಾರೂ ನಂಬ್ಲಿಲ್ಲ."

ಫೋನ್ ತೆಗೆದು ಹಚ್ಚಿದಳು. ತುಂಬ ಹೊತ್ತು ರಿಂಗಾಯಿತು.

"ಅಕ್ಕಾ, ನಾನು. ಇಡಬೇಡಿ. ಒಂದು ಸಂಖ್ಯೆ ಓದ್ತೀನಿ. ನೀವು ಅವತ್ತು ನೋಡಿದ್ದು ಇದೇನಾ ಹೇಳಿ."