ಕನ್ನಡಿ ಮುಖ

"ನಗಬೇಡಿ… ನಕ್ಕರೆ ಅಳತೆ ಕೆಡುತ್ತೆ."

ಆಸ್ಪತ್ರೆಯಲ್ಲಿ ಮುಖ ಅಳೆಯುವ ಕ್ಯಾಮೆರಾಗಳ ನಡುವೆ ಕೂತಿದ್ದ ಅವಳಿಗೆ ಅಷ್ಟೇ ಸಾಕಾಯಿತು. ಬೇಡ ಅಂದದ್ದನ್ನೇ ಮಾಡುವುದು ಹುಟ್ಟುಗುಣ, ಫಕ್ಕನೆ ನಕ್ಕುಬಿಟ್ಟಳು. ಮರುಕ್ಷಣವೇ ಕೈ ಬಾಯಿಗೆ ಹೋಯಿತು. ಮುಖದ ನರ ಸೋತು ಎಡಗಡೆ ಜೋತುಬಿದ್ದಂದಿನಿಂದ ಅವಳು ಯಾರೆದುರೂ ನಕ್ಕಿರಲಿಲ್ಲ.

ಸ್ಕ್ಯಾನ್ ಮಾಡುವವನು ಆ ಕೈಯನ್ನು ನೋಡಲಿಲ್ಲ, ಕಣ್ಣನ್ನು ನೋಡಿದ. ಅಲ್ಲಿಗೆ ಅವನ ಕಥೆ ಮುಗಿಯಿತು ಅನ್ನಿ.

ಚಿಕಿತ್ಸೆ ಎಷ್ಟು ಫಲಿಸಿದೆ ಎಂದು ತಿಳಿಯಲು ಅವಳು ಮತ್ತೆ ಮತ್ತೆ ಬರಬೇಕಿತ್ತು. ಮುಖದ ಎರಡು ಬದಿ ಎಲ್ಲೆಲ್ಲಿ ಹೊಂದುವುದಿಲ್ಲವೋ ಅಲ್ಲೆಲ್ಲ ಕಂಪ್ಯೂಟರ್ ತಾನೇ ಅಳೆದು ಕೆಂಪು ಬಳಿಯುತ್ತಿತ್ತು. ಬರುಬರುತ್ತಾ ಅವಳಿಗೆ ಆ ಕೆಂಪಿನ ಚಿಂತೆಗಿಂತ ಅವನ ದನಿಯ ಗುಂಗೇ ಹೆಚ್ಚಾಯಿತು. ಆ ಮೆತ್ತನೆ ಬೆಳಕಿನಲ್ಲಿ ಗಲ್ಲವೆತ್ತಿ ಕೂತರೆ ಎದ್ದು ಹೋಗಲು ಮನಸ್ಸೇ ಆಗುತ್ತಿರಲಿಲ್ಲ.

'ಇವನೆದುರು ನಗಬಹುದೇನೋ…'

ಒಂದು ದಿನ ಬೇಗ ಬಂದವಳು ಬಾಗಿಲಲ್ಲೇ ನಿಂತಳು. ಪರದೆಯ ಮೇಲೆ ಅವಳದೇ ಮುಖ… ಆದರೆ ಎಡ ಬಲ ಒಂದೇ ಸಮ, ಚೂರೂ ಓರೆಯಿಲ್ಲ. ಅವನು ಕೆನ್ನೆಗೆ ಕೈಕೊಟ್ಟು ಅದನ್ನೇ ನೋಡುತ್ತಿದ್ದ.

'ಓ, ಇವನಿಗೆ ಬೇಕಾದವಳು ಇವಳು…'

ಬಂದ ದಾರಿಯಲ್ಲೇ ತಿರುಗಿ ಹೋದಳು. ಚಿಕಿತ್ಸೆಯೂ ಬೇಡವೆಂದು ಮನೆಯಲ್ಲೇ ಕೂತಳು.

"ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರೇನೇ?" ಅಕ್ಕ ಗದರಿದಳು. "ಏನಿದ್ರೂ ಅವನನ್ನೇ ಕೇಳು, ನಡಿ." ಕೈಹಿಡಿದು ಕರೆತಂದು ಒಳಗೆ ಕಳಿಸಿ, ತಾನು ಹೊರಗೆ ಕೂತಳು.

"ಇಷ್ಟು ದಿನ ಯಾಕೆ ಬರ್ಲಿಲ್ಲ?" ಅವನು ಎದ್ದೇ ನಿಂತ.

"ನಾನ್ಯಾಕೆ? ಆ ಚೆಂದದವಳು ಇದ್ದಾಳಲ್ಲ, ನಿಮ್ಮ ಪರದೇಲಿ."

ಅವನು ಒಮ್ಮೆ ಪರದೆಯತ್ತ, ಒಮ್ಮೆ ಅವಳತ್ತ ನೋಡಿದ.

"ಅಯ್ಯೋ, ಅದು ಲೆಕ್ಕದ ಮುಖ ಕಣ್ರೀ. ನಿಮ್ಮ ಮುಖ, ಅದರ ಕನ್ನಡಿ ಬಿಂಬ, ಎರಡನ್ನೂ ಬೆರೆಸಿ ಯಂತ್ರವೇ ಮಾಡ್ಕೊಳ್ಳುತ್ತೆ. ಅದಕ್ಕೂ ನಿಮಗೂ ಎಷ್ಟು ವ್ಯತ್ಯಾಸ ಅಂತ ಅಳೆಯೋಕೆ."

"ಮತ್ಯಾಕೆ ಹಾಗೆ ನೋಡ್ತಾ ಕೂತಿದ್ರಿ?"

"ಅದರಲ್ಲಿ ನಿಮ್ಮನ್ನ ಹುಡುಕ್ತಿದ್ದೆ… ಸಿಗ್ಲಿಲ್ಲ."

ಅವನು ಇನ್ನೊಂದು ಮುಖ ತೆರೆದ. ಮೊದಲ ದಿನದ ನಗು. ಎಡಗೆನ್ನೆ ತುಂಬ ಕೆಂಪು.

"ಕೆಟ್ಟ ಸ್ಕ್ಯಾನ್ ಅಳಿಸಬೇಕು ಅನ್ನೋದು ಇಲ್ಲಿನ ನಿಯಮ. ಇದನ್ನ ಅಳಿಸೋಕೆ ಕೈಯೇ ಬರ್ಲಿಲ್ಲ. ನಿಮ್ಮನ್ನ ಕೇಳ್ದೆ ಇಟ್ಕೊಂಡಿದ್ದು ತಪ್ಪು. ಆದ್ರೆ… ನೀವಂದ್ರೆ ನಂಗೆ ಇಷ್ಟ. ಈ ಕೆಂಪಿನ ಸಮೇತ."

ಅವಳ ಕಣ್ಣು ತುಂಬಿ ಬಂತು.

"ಅಳಿಸಿಬಿಡಿ," ಅಂದಳು.

ಅವನ ಮುಖ ಬಾಡಿತು. ಆದರೂ ಅಳಿಸಿದ.

"ಇನ್ಮೇಲೆ ಅದ್ಯಾಕೆ? ಎದುರಿಗೇ ನಗ್ತೀನಲ್ಲ…"

ಬಾಯಿ ಮುಚ್ಚಲು ಎದ್ದ ಕೈಯನ್ನು ಅವಳೇ ಮಡಿಲಿಗೆ ಇಳಿಸಿಕೊಂಡು, ಓರೆಯಾಗಿ, ಬಾಯ್ತುಂಬ ನಕ್ಕಳು.

"ಅಳತೆ ಕೆಡಲ್ವಾ?"

"ಕೆಡ್ಲಿ ಬಿಡಿ," ಅಂದ ಅವನು.