ಡಾಕ್ಟರಿಗೆ ಹೇಳಬಾರದ ಮಾತು

ನಾಗಭೂಷಣ ಹೆಂಡತಿಯ ಸೂಟ್‌ಕೇಸನ್ನು ದರದರ ಎಳೆದು ತಂದು ಜಗಲಿಯ ಮೇಲೆ ಕುಕ್ಕಿದ.

"ಹತ್ತು ಗಂಟೆಗೆ ಅಮ್ಮನ್ನ ಡಾಕ್ಟರಿಗೆ ತೋರಿಸ್ಬೇಕು. ಮಾತ್ರೆ ಕೊಡೋರೂ ಜೊತೇಲಿ ಬರ್ಬೇಕು ಅಂದಿದ್ದಾರೆ, ಅದಕ್ಕೆ ನೀನೂ ಬಾ. ಮುಗೀತಿದ್ದಂಗೆ ಯಶವಂತಪುರ ಸ್ಟೇಷನ್‌ಗೆ ಬಿಡ್ತೀನಿ. ಗದಗಿಗೆ ಹೋಗಿ ನಿಮ್ಮಪ್ಪನ ಮನೇಲಿರು!"

ಭಾಗ್ಯಶ್ರೀ ಬಾಯಿ ಬಿಟ್ಟರೆ ಕೇಳುವವರು ಯಾರಿದ್ದರು ಆ ಮನೆಯಲ್ಲಿ! ನಿನ್ನೆ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಅತ್ತೆ ಗೌರಮ್ಮ ದೇವರ ಮನೆಯ ಮುಂದೆ ಬೆವೆತು ಕುಸಿದು ಬಿದ್ದಿದ್ದರು. ಮೈಯಲ್ಲಿ ಸಕ್ಕರೆ ಪೂರಾ ಇಳಿದುಹೋಗಿತ್ತು. ಓಡಿ ಬಂದು ಬಾಯಿಗೆ ಸಕ್ಕರೆ ನೀರು ಹುಯ್ದು ಬದುಕಿಸಿದವಳು ಇದೇ ಭಾಗ್ಯಶ್ರೀ. ಆದರೆ ಕಣ್ಣು ಬಿಟ್ಟ ಗೌರಮ್ಮ ಮಗನ ಕೈ ಹಿಡಿದು ಹೇಳಿದ ಮೊದಲ ಮಾತು ಏನು ಗೊತ್ತೇ? "ಇವ್ಳೇ ಕಣೋ ಎರಡೆರಡು ಮಾತ್ರೆ ಕೊಟ್ಟಿದ್ದು! ನನ್ನ ಸಾಯ್ಸಕ್ಕೇ ನೋಡ್ತಾವ್ಳೆ!" ಅಷ್ಟೇ, ಮಗ ನಂಬಿಬಿಟ್ಟ.

ಇಬ್ಬರೂ ಯಲಹಂಕದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ ಮೆಚ್ಚಿ ಮದುವೆಯಾದವರು. ಕೊಡಿಗೇಹಳ್ಳಿಯಲ್ಲಿ ನಾಲ್ಕು ಕಟ್ಟಡ ಬಾಡಿಗೆಗೆ ಬಿಟ್ಟ ಮನೆಗೆ ಎಲ್ಲಿಂದಲೋ ಬಂದ ಸೊಸೆ ಆರು ವರ್ಷವಾದರೂ ಗೌರಮ್ಮನಿಗೆ ಒಗ್ಗಲಿಲ್ಲ. ಅವಳು ಮಾಡಿದ ರೊಟ್ಟಿ ಒಗ್ಗಲಿಲ್ಲ, ಆಡುವ ಮಾತೂ ಒಗ್ಗಲಿಲ್ಲ. ಅದರ ಮೇಲೆ ಮೂರು ತಲೆಮಾರು ನೋಡಿದ ಹಳೇ ಡಾಕ್ಟರು ವಯಸ್ಸಾಯಿತೆಂದು ಕ್ಲಿನಿಕ್ ಮುಚ್ಚಿದಾಗ, ಮನೆಗೊಬ್ಬ ಹೊಸ ಡಾಕ್ಟರನ್ನು ಹುಡುಕಿದವಳೂ ಅವಳೇ ಆಗಬೇಕೇ! ಸಹಕಾರನಗರದಲ್ಲಿ ಮೂರು ಕಡೆ ಹೋಗಿ, ರೋಗಿಗಳ ಸಾಲಿನಲ್ಲಿ ಕೂತು ವಿಚಾರಿಸಿ, ಕೊನೆಗೆ ಡಾಕ್ಟರ್ ದಿಲ್ಶಾದ್ ಅವರನ್ನು ಒಪ್ಪಿ ಬಂದಿದ್ದಳು. "ಹೆಂಗಸರ ಕಾಲಿನ ಹುಣ್ಣು ಹೆಂಗಸರೇ ನೋಡಿದರ ಛಲೋರಿ" ಎಂದಿದ್ದಳು. "ನನ್ ಡಾಕ್ಟ್ರನ್ನ ಆರ್ಸಕ್ಕೆ ನೀನ್ಯಾವಳೇ?" ಎಂದು ಗೌರಮ್ಮ ತಟ್ಟೆ ಎಸೆದಿದ್ದರು.

ಹೊಸ ಡಾಕ್ಟರು ಫೋನಿನಲ್ಲಿ ಹೇಳಿದ್ದರು: ಹಳೇ ರಿಪೋರ್ಟ್, ನುಂಗುವ ಮಾತ್ರೆಗಳ ಎಲ್ಲಾ ಹಾಳೆ, ಖಾಲಿಯಾದವೂ ಸೇರಿ, ತನ್ನಿ. ಅವನ್ನು ಜೋಡಿಸಲು ಭಾಗ್ಯಶ್ರೀ ಅತ್ತೆಯ ಕೋಣೆಗೆ ಹೋದಳು. ದಿಂಬಿನ ಕೆಳಗೆ ಅವಳು ಕೊಡದೇ ಇದ್ದ, ಸಕ್ಕರೆ ಮಾತ್ರೆಯ ಎರಡು ಹಾಳೆ! ಎರಡೂ ಖಾಲಿ!

ಅವಳಿಗೆ ಎಲ್ಲಾ ಹೊಳೆಯಿತು. ರಕ್ತ ಪರೀಕ್ಷೆ ಬಂತೆಂದರೆ ಗೌರಮ್ಮ ಮೂರು ದಿನ ಮೊದಲೇ ಮುದ್ದೆ, ಅನ್ನ ಎರಡನ್ನೂ ಬಿಡುತ್ತಿದ್ದರು. ಹಳೇ ಡಾಕ್ಟರು ರಿಪೋರ್ಟ್ ನೋಡಿ "ಭೇಷ್ ಗೌರಮ್ಮ!" ಎನ್ನಬೇಕು, ಇನ್ಸುಲಿನ್ ಸೂಜಿಯ ಮಾತೇ ಏಳಬಾರದು. ಪರೀಕ್ಷೆ ಮುಗಿದ ಮಧ್ಯಾಹ್ನವೇ ಒಬ್ಬಟ್ಟು! ಈ ಸಲ ಹೊಸಬರ ಮುಂದೆ ಇನ್ನೂ ಸೈ ಎನಿಸಿಕೊಳ್ಳಲು ಊಟ ಬಿಟ್ಟಿದ್ದಲ್ಲದೆ ಹೆಚ್ಚು ಮಾತ್ರೆಯನ್ನೂ ಕದ್ದು ನುಂಗಿದ್ದಾರೆ...

"ಏನೇ ಉಡುಕ್ತಾ ಇದ್ದೀಯ?" ಗೌರಮ್ಮ ಬಾಗಿಲಲ್ಲಿ ನಿಂತಿದ್ದರು. ಹಾಳೆ ಕಂಡೊಡನೆ ಮುಖ ಕಪ್ಪಿಟ್ಟಿತು. "ತೋರ್ಸು ಓಗು ನಿನ್ ಗಂಡಂಗೆ! ನೀನೇ ತಂದಿಟ್ಟೆ ಅಂತೀನಿ. ಯಾರ್ ಮಾತು ನಂಬ್ತಾನೆ ನೋಡಾನ!"

ಭಾಗ್ಯಶ್ರೀ ಆ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಕಣ್ಣೀರು ಕೆನ್ನೆಗಿಳಿಯಿತು, ಒರೆಸಿಕೊಳ್ಳಲೂ ಇಲ್ಲ.

ಕ್ಲಿನಿಕ್‌ನಲ್ಲಿ ಡಾಕ್ಟರ್ ದಿಲ್ಶಾದ್ ಗೌರಮ್ಮನ ಎಡಗಾಲಿನ ಪಟ್ಟಿ ಬಿಚ್ಚಿದರು. ಹೆಬ್ಬೆರಳ ಹುಣ್ಣು ಮೂರು ತಿಂಗಳಿಂದ ಒಣಗಿರಲಿಲ್ಲ. "ಗಾಯ ಕ್ಲೀನಾಗಿದೆ, ಯಾರೋ ಚೆನ್ನಾಗಿ ತೊಳೀತಿದ್ದಾರೆ. ಆದ್ರೆ ರಿಪೋರ್ಟ್‌ನಲ್ಲಿ ಸಕ್ಕರೆ ಇಷ್ಟು ಹಿಡಿತದಲ್ಲಿದ್ರೆ ಇದು ಯಾಕಮ್ಮ ವಾಸಿಯಾಗ್ತಿಲ್ಲ? ನಿನ್ನೆ ನಿಜವಾಗ್ಲೂ ಏನಾಯ್ತು?"

"ಇವಳು ಜಾಸ್ತಿ ಮಾತ್ರೆ ಕೊಟ್ಟಳು ಡಾಕ್ಟ್ರೇ" ಎಂದ ನಾಗಭೂಷಣ.

"ನಾನು ಅವರನ್ನ ಕೇಳ್ತಿದ್ದೀನಿ." ಡಾಕ್ಟರು ಭಾಗ್ಯಶ್ರೀಯ ಕಡೆ ತಿರುಗಿದರು. " ಏನಮ್ಮಾ, ಏನಾಯ್ತು?"

ಭಾಗ್ಯಶ್ರೀ ಚೀಲದ ಬಾಯಿ ಬಿಗಿಹಿಡಿದಳು. ನಾನು ಹೇಗೂ ಹೋಗುವವಳು, ಇವರ ಗೋಜು ನನಗ್ಯಾಕೆ...

"ಮತ್ತೆ ಕೇಳ್ತಿದ್ದೀನಿ. ನಿಜ ಗೊತ್ತಾಗದೆ ನಾನು ಔಷಧಿ ಬದಲಾಯಿಸಿದ್ರೆ ಆ ಬೆರಳು ಉಳಿಯಲ್ಲ. ಬೆರಳಾದ್ಮೇಲೆ ಪಾದ. ಹೇಳಿ, ಏನಾಯ್ತು?"

ಪಾದ! ದಿನಾ ಬೆಳಿಗ್ಗೆ ಭಾಗ್ಯಶ್ರೀ ತೊಡೆಯ ಮೇಲಿಟ್ಟುಕೊಂಡು ತೊಳೆದ ಪಾದ ಅದು. ಬೈಸಿಕೊಂಡೇ ತೊಳೆದದ್ದು ನಿಜ, ಆದರೂ ತೊಳೆದದ್ದು ಅವಳೇ. ಚೀಲದಿಂದ ಹಾಳೆ ತೆಗೆದಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. "ಆ ರಿಪೋರ್ಟು ನಂಬಬ್ಯಾಡ್ರಿ ಡಾಕ್ಟ್ರ... ಅವೆಲ್ಲಾ ಮೂರು ದಿನದ ಉಪವಾಸದ ರಿಪೋರ್ಟು! ಅತ್ತೀ ಕಾಲು ಉಳಸ್ರಿ!"

"ಥೂ! ನಮ್ಮಮ್ಮನ ಮೇಲೇ ಗೂಬೆ ಕೂರಿಸ್ತೀಯಾ?" ನಾಗಭೂಷಣ ಕೈ ಎತ್ತಿದ.

"ಬಾಯ್ಮುಚ್ಚೋ ಭೂಸಣ!"

ಗೌರಮ್ಮನ ದನಿ ಅದು! ಎತ್ತಿದ ಕೈ ಹಾಗೇ ನಿಂತಿತು. ಗೌರಮ್ಮ ತುಟಿ ಕಚ್ಚಿ ಗೋಡೆ ಕಡೆ ತಿರುಗಿದ್ದರು. "ನುಂಗಿದ್ದು ನಾನೇ. ಸುಳ್ಳೇಳಿದ್ದೂ ನಾನೇ. ಸೂಜಿ ಅಂದ್ರೆ ಭಯ ಕಣಮ್ಮ ಡಾಕ್ಟ್ರೇ... ಬರ್ಕಳಿ, ಎಲ್ಲಾ ಯೋಳ್ತೀನಿ."

ನಾಗಭೂಷಣ ಎತ್ತಿದ ಕೈ ಇಳಿಸಿದ. "ಭಾಗ್ಯಾ... ತಪ್ಪಾಯ್ತು. ಮನೆಗೆ ಹೋಗೋಣ ಬಾ."

ಭಾಗ್ಯಶ್ರೀ ಅವನ ಮುಖ ನೋಡಿದಳು. "ಅತ್ತಿ ಅಂಜಿ ಸುಳ್ಳು ಹೇಳಿದ್ರು, ಅದು ನನಗ ತಿಳೀತದ. ಡಾಕ್ಟ್ರು ಗುರುತಿಲ್ಲದವ್ರು, ಅವ್ರೂ ಏನಾತು ಅಂತ ಮೂರು ಸಲ ಕೇಳಿದ್ರು. ಆರು ವರ್ಷ ಕೂಡಿ ಬಾಳಿದವ್ರು ನೀವು... ಒಂದ್ ಸಲನೂ ಕೇಳಲಿಲ್ಲಲ್ರೀ!" ಚೀಲ ಹೆಗಲಿಗೆ ಹಾಕಿಕೊಂಡಳು. "ನಾ ಊರಿಗೆ ಹೋಗ್ತೀನಿ. ನೀವು ಕಳಸೀರಂತ ಅಲ್ಲ, ನನಗ ಹೋಗಬೇಕಾಗೇದ."

ನಾಗಭೂಷಣ ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳಮ್ಮ!"

"ಯಾವ್ ಮಕ ಇಟ್ಕೊಂಡು ಯೋಳ್ಲೋ? ಓಗ್ಲಿ ಬಿಡು. ಅವ್ಳು ಬರೋಗಂಟ ನನ್ ಕಾಲು ನೀನ್ ತೊಳಿ."

ಡಾಕ್ಟರು ಹತ್ತಿ, ಬಟ್ಟೆ, ಔಷಧಿಯ ತಟ್ಟೆಯನ್ನು ಅವನ ಮುಂದೆ ಸರಿಸಿದರು. ನಾಗಭೂಷಣ ಮಂಡಿಯೂರಿ ಕೂತ. ತಾಯಿಯ ಪಾದವನ್ನು ಅಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. ಹತ್ತಿಯಿಂದ ಹುಣ್ಣನ್ನು ಗಸಗಸ ತಿಕ್ಕತೊಡಗಿದ.

"ತಿಕ್ಕಬ್ಯಾಡ್ರೀ... ಮೆತ್ತಗ ಒತ್ರಿ" ಎಂದಳು ಭಾಗ್ಯಶ್ರೀ ಬಾಗಿಲ ಹತ್ತಿರದಿಂದ. ಅವನು ಸರಿಯಾಗಿ ಒತ್ತುವವರೆಗೂ ನಿಂತು ನೋಡಿದಳು. ಆಮೇಲೆ ತನ್ನ ಸೂಟ್‌ಕೇಸ್ ಎತ್ತಿಕೊಂಡು ಹೊರಗೆ ಹೋಗಿ ಸ್ಟೇಷನ್‌ಗೆ ಆಟೋ ಕರೆದಳು.