ಇಸ್ತ್ರಿ ಕೆಡದ ಅಂಗಿ

ಠಾಣೆಯ ಗೇಟಿನ ಚಿಲಕವನ್ನು ಯಾರೋ ಎತ್ತಿ, ಸದ್ದಾಗದಂತೆ ಮತ್ತೆ ಇಳಿಸಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ರಾತ್ರಿ ಎರಡು ಗಂಟೆಯ ಮೌನದಲ್ಲಿ ಅಷ್ಟು ಸಣ್ಣ ಸದ್ದೂ ಒಳಕೋಣೆಯವರೆಗೆ ಬಂತು. ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿಟ್ಟು ಕಿವಿಗೊಟ್ಟಳು.

"ಪುಟಾಣಿ, ಹೊರಗೆ ಯಾರೋ ಹೆಂಗಸು ನಿಂತಿದ್ದಾಳೆ. ಕರ್ಕೊಂಡು ಬಾ."

ಪುಟಾಣಿ ಎಂಬುದು ಆರಡಿ ಮೀರಿದ ಕಾನ್‌ಸ್ಟೇಬಲ್‌ಗೆ ಠಾಣೆಯವರಿಟ್ಟ ಹೆಸರು. "ನೋಡದೇ ಹೆಂಗಸು ಅಂತ ಹೇಗೆ ಹೇಳ್ತೀರಿ ಮೇಡಂ?"

"ಗಂಡಸಾಗಿದ್ರೆ ಇಷ್ಟು ಹೊತ್ತಿಗೆ ಗೇಟು ಒದೀತಿದ್ದ."

ಬಂದವಳ ಕೈಗಳು ನೀರಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವ ಲಾಂಡ್ರಿಯಲ್ಲಿ ಅವಳ ಕೆಲಸ.

"ನನ್ನ ಗಂಡ ಕಾಣಿಸ್ತಿಲ್ಲ ಮೇಡಂ. ಇಬ್ಬರದೂ ಒಂದೇ ಲಾಂಡ್ರಿ. ನಾನು ಒಗೆಯೋ ಕಡೆ, ಅವ್ರು ಇಸ್ತ್ರಿ ಮೆಷಿನ್ ಕಡೆ. ಪಾಳಿ ಮುಗಿದ್ಮೇಲೆ ಗೇಟಲ್ಲಿ ಸೇರ್ತೀವಿ. ಇವತ್ತು ಬರ್ಲೇ ಇಲ್ಲ."

"ಜಗಳ?"

"ಇಲ್ಲ."

"ಕುಡಿತ?"

"ಕುಡಿದ್ರೆ ಹಾಡ್ತಾರೆ. ಬೀದಿಗೆಲ್ಲ ಗೊತ್ತಾಗುತ್ತೆ."

"ಅಲ್ಲಿ ಯಾರನ್ನ ಕೇಳಿದೆ?"

"ಸೂಪರ್‌ವೈಸರ್‌ನ. ನನ್ನ ಸ್ವಂತ ಅಣ್ಣ. ಭಾವ ಬೇಗನೇ ಹೊರಟ ಅಂದ. ನನ್ನ ಬಿಟ್ಟು ಹೋಗೋರಲ್ಲ ಮೇಡಂ ಅವ್ರು."

ನಾಪತ್ತೆ ದೂರು ದಾಖಲಾಯಿತು. ಬೆಳಿಗ್ಗೆ ಕಸದ ಲಾರಿಯ ಡ್ರೈವರ್ ಫೋನ್ ಮಾಡಿದ: ಲಾಂಡ್ರಿಯ ಹಿಂದಿನ ತಿರುವಿನಲ್ಲಿ ಹೆಣ ಬಿದ್ದಿದೆ.

"ಲಾರಿ ಗುದ್ದಿದೆ, ಮತ್ತೇನಿಲ್ಲ," ಎಂದ ಪುಟಾಣಿ. ಇನ್ಸ್‌ಪೆಕ್ಟರ್ ಮಂಡಿಯೂರಿ ಕುಳಿತಳು. ಬಲತೋಳು ಜಜ್ಜಿಹೋಗಿತ್ತು, ಎದೆ ಒಳಗೆ ಕುಸಿದಿತ್ತು. ಮೇಲಿದ್ದ ನೀಲಿ ಕೆಲಸದ ಅಂಗಿಯಲ್ಲಿ ಮಾತ್ರ ಮಡಿಕೆಯ ಗೆರೆಗಳು ಹಾಗೇ ಇದ್ದವು. ಒಂದು ಹನಿ ರಕ್ತವಿಲ್ಲ. ಕುತ್ತಿಗೆಯವರೆಗೂ ಗುಂಡಿ ಹಾಕಿತ್ತು.

"ಪಂಚನಾಮೆಯಲ್ಲಿ ಬರ್ಕೋ. ಅಂಗಿಯ ಇಸ್ತ್ರಿ ಕೆಟ್ಟಿಲ್ಲ."

ಶವಾಗಾರದ ಬಾಗಿಲಲ್ಲಿ ಅಣ್ಣ ತಂಗಿಯನ್ನು ಅವುಚಿ ಹಿಡಿದು ನಿಂತಿದ್ದ. "ಹಣೆಬರಹ ತಂಗೀ. ನಾನಿದ್ದೀನಲ್ಲ. ಹೊಸ ಕಾನೂನಲ್ಲಿ ಕೆಲಸ ಮುಗಿಸಿ ಹೋಗೋ ದಾರೀಲಿ ಸತ್ರೂ ವಿಮೆ ಬರುತ್ತೆ."

"ವಿಮೆ ಬೇಡಣ್ಣ. ಯಾರು, ಯಾಕೆ ಅಂತ ಗೊತ್ತಾಗ್ಬೇಕು ನಂಗೆ." ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಎಲ್ಲಾ ಗೊತ್ತಾಗ್ಬೇಕು. ಹೇಳ್ತೀರಲ್ವಾ?"

"ಹೇಳ್ತೀನಿ," ಎಂದಳು ಇನ್ಸ್‌ಪೆಕ್ಟರ್.

ಮಧ್ಯಾಹ್ನ ಡಾಕ್ಟರ್ ತಮ್ಮ ಕೋಣೆಗೆ ಕರೆದರು. "ತೋಳು ಸುಟ್ಟಿದೆ. ಲಾರಿ ಗುದ್ದುತ್ತೆ, ಸುಡೋದಿಲ್ಲ. ಪೆಟ್ಟಾದ್ಮೇಲೆ ಮುಕ್ಕಾಲು ಗಂಟೆಯಾದ್ರೂ ಬದುಕಿದ್ದ. ತಕ್ಷಣ ತಂದಿದ್ರೆ ಉಳೀತಿದ್ದ, ತೋಳು ಹೋಗ್ತಿತ್ತು ಅಷ್ಟೇ."

"ಹಾಗಾದ್ರೆ ಸತ್ತಿದ್ದು?"

"ಒಳತುಟಿ ಹಲ್ಲಿಗೆ ಒತ್ತಿ ಹರಿದಿದೆ. ಕೆನ್ನೆ ಮೇಲೆ ಬೆರಳಿನ ಗುರುತು. ಯಾರೋ ಮೂಗು ಬಾಯಿ ಅದುಮಿ ಹಿಡಿದಿದ್ದಾರೆ."

ಎಫ್‌ಐಆರ್‌ ಕೊಲೆಯದಾಯಿತು. ಇನ್ಸ್‌ಪೆಕ್ಟರ್‌ಗೆ ಒಂದೇ ಪ್ರಶ್ನೆ ಗಂಟಲಲ್ಲಿ ಮುಳ್ಳಿನಂತೆ ಉಳಿಯಿತು. ಸಾಯಲಿ ಎಂದು ಬಿಟ್ಟವನು ಬಾಯಿ ಯಾಕೆ ಮುಚ್ಚಬೇಕಿತ್ತು?

ಇಸ್ತ್ರಿ ವಿಭಾಗದಲ್ಲಿ ಎರಡು ಕಾದ ಉರುಳೆಗಳ ನಡುವೆ ಚಾದರಗಳು ಹಾಯುತ್ತಿದ್ದವು. ಕೈ ಸಿಕ್ಕದಂತೆ ಮುಂದೆ ತಡೆಕಂಬಿ ಇತ್ತು. ಅದರ ಮೇಲೆ ಧೂಳಿರಲಿಲ್ಲ, ಸ್ಕ್ರೂಗಳ ತಲೆ ಹೊಸದಾಗಿ ಗೀಚಿಹೋಗಿತ್ತು. ಪುಟಾಣಿ ಅದನ್ನು ಬಿಚ್ಚಿದ. ಉರುಳೆಗೆ ಸುತ್ತಿದ ಬಟ್ಟೆಯ ಅಂಚಿನಲ್ಲಿ ಕಪ್ಪು ಕಲೆ. ಬಾಯ್ಲರ್‌ನ ಬೂದಿ ಜರಡಿ ಹಿಡಿದಾಗ ಅಂಗಿಯ ಲೋಹದ ಗುಂಡಿಗಳು ಸಿಕ್ಕವು. ಎಲ್ಲವನ್ನೂ ಪಂಚರ ಮುಂದೆ ಜಪ್ತಿ ಮಾಡಿದರು. ಒಗೆಯುವ ಕಡೆಗೂ ಇಲ್ಲಿಗೂ ನಡುವೆ ಗೋಡೆ. ಕಲೆ ಉಳಿದ ಬಟ್ಟೆಯನ್ನು ವಾಪಸು ತಳ್ಳಲು ಗೋಡೆಯಲ್ಲೊಂದು ಕಿಂಡಿ.

"ಕಂಬಿ ತೆಗೆಸಿದ್ದು ಯಾರು?"

ಮಾಲೀಕ ಕನ್ನಡಕ ಒರೆಸಿಕೊಂಡ. "ಕೆಲಸ ಬೇಗ ಆಗ್ಬೇಕು ಅಂದಿದ್ದೆ. ತೆಗೀರಿ ಅಂದಿಲ್ಲ. ಹೊಸ ಕಾನೂನು ಬಂದ ವಾರವೇ ಸುರಕ್ಷತೆಗೆ ಅಂತ ಹೊಣೆಗಾರನ್ನ ನೇಮಿಸಿದ್ದೀನಿ."

"ಯಾರನ್ನ?"

"ಸೂಪರ್‌ವೈಸರ್‌ನೇ."

"ಸಂಬಳ ಹೆಚ್ಚಿಸಿದ್ರಾ?"

"ಪದವಿ ಕೊಟ್ಟೆನಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ಪುಟಾಣಿ ಗೊಣಗಿದ. ಹೊಸ ಕಾನೂನಿನ ಪ್ರಕಾರ ತಡೆಕಂಬಿಯಿಲ್ಲದ ಮೆಷಿನ್ನಿಗೆ ಕೆಲಸಗಾರ ಸಿಕ್ಕಿದರೆ ಹೊಣೆಗಾರನಿಗೆ ಜಾಮೀನಿಲ್ಲದ ಜೈಲು, ಕೆಲಸದ ಜಾಗಕ್ಕೆ ಬೀಗ, ವಿಮೆಯೂ ಇಲ್ಲ. ಕೆಲಸಗಾರರನ್ನು ಉಳಿಸಲೆಂದೇ ಬಂದ ಕಾನೂನು.

ಸಂಜೆ ಆರೂವರೆಗೆ ಸೂಪರ್‌ವೈಸರ್‌ನ ಬಂಧನವಾಯಿತು. ಅವನು ಓಡಲಿಲ್ಲ, ವಾದಿಸಲೂ ಇಲ್ಲ.

"ಕಂಬಿ?"

"ನಾನೇ ತೆಗೆದಿದ್ದೆ. ಆಮೇಲೆ ನಾನೇ ಹಾಕಿದೆ."

"ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?"

"ಒಯ್ದಿದ್ರೆ ಎಲ್ಲಾಯ್ತು ಅಂತ ಕೇಳ್ತಿದ್ರು. ನಾನು ಜೈಲಿಗೆ, ಲಾಂಡ್ರಿಗೆ ಬೀಗ, ಅವನಿಗೆ ತೋಳೂ ಇಲ್ಲ, ವಿಮೆಯೂ ಇಲ್ಲ. ರಸ್ತೇಲಿ ಸತ್ರೆ ತಂಗಿಗೆ ವಿಮೆಯಾದ್ರೂ ಸಿಗ್ತಿತ್ತು."

"ತಂಗಿಗೆ ಉಪಕಾರ ಮಾಡ್ದೆ ಅನ್ನು."

ಇನ್ಸ್‌ಪೆಕ್ಟರ್ ಪಂಚನಾಮೆಯ ಹಾಳೆ ತಿರುವಿದಳು.

"ಹೊಸ ಅಂಗಿ?"

"ಹರಿದಿದ್ದನ್ನ ಬಾಯ್ಲರ್‌ಗೆ ಹಾಕ್ದೆ. ರಾಶಿಯಿಂದ ಒಂದು ತೆಗೆದು ಹಾಕಿದೆ. ಹಾಕೋವಾಗ ಸುಕ್ಕು ನೀವಿದೆ. ಕೈಗೆ ಅಭ್ಯಾಸ."

ಬಾಯಿ ಅದುಮಿದ್ದನ್ನು ಅವನು ಒಪ್ಪಿಕೊಂಡಲ್ಲಿಯವರೆಗೆ ಪುಟಾಣಿ ಹೇಳಿಕೆ ಬರೆದುಕೊಂಡು, ಲಾಕಪ್ಪಿನ ಬೀಗದ ಕೈ ತರಲು ಹೋದ. ಇನ್ಸ್‌ಪೆಕ್ಟರ್ ಕುರ್ಚಿ ಹತ್ತಿರಕ್ಕೆಳೆದಳು.

"ಇಸ್ತ್ರಿ ಕೋಣೆಯಲ್ಲಿದ್ದದ್ದು ನೀನು, ನಿನ್ನ ಭಾವ ಇಬ್ಬರೇ. ಯಾರಿಗೆ ಕೇಳಿಸಬಾರದು ಅಂತ ಬಾಯಿ ಮುಚ್ಚಿದೆ?"

ಅವನು ತನ್ನ ಅಂಗೈ ನೋಡಿಕೊಂಡ.

"ರಕ್ತ ಒರೆಸಿದ ಚಾದರಗಳನ್ನ ಗಂಟು ಕಟ್ಟಿ ಕಿಂಡಿಯಿಂದ ತಳ್ಳಿದೆ. ಆಸ್ಪತ್ರೆ ಬಟ್ಟೆ, ರಕ್ತ ಇದ್ದದ್ದೇ. ಆ ಕಡೆ ತಂಗಿ ಒಬ್ಬಳೇ ಇದ್ಲು. 'ಅಣ್ಣಾ, ಇದು ಇನ್ನೂ ಬೆಚ್ಚಗಿದೆಯಲ್ಲೋ, ಯಾರ ಮನೆ ದೀಪ ಆರಿತೋ ಪಾಪ' ಅಂದ್ಲು."

"ನೀನೇನಂದೆ?"

"ತಣ್ಣೀರಲ್ಲಿ ಹಾಕು, ಬಿಸಿನೀರಲ್ಲಿ ಕಲೆ ಕೂರುತ್ತೆ ಅಂದೆ. ಮೆಷಿನ್ನಿಗೆ ಸಿಕ್ಕಾಗಲೇ ಪ್ರಜ್ಞೆ ತಪ್ಪಿದ್ದ ಭಾವ, ಅವಳ ದನಿ ಕೇಳಿ ಕಣ್ಣು ಬಿಟ್ಟ. ಹೆಸರು ಹಿಡಿದು ಕರೆಯೋಕೆ ಬಾಯಿ ತೆಗೆದ. ಕಿಂಡಿ ತೆರೆದೇ ಇತ್ತು ಮೇಡಂ. ಅವಳು ಒಗೆಯೋದು ಮುಗಿಸೋ ತನಕ ನಾನು ಕೈ ತೆಗೀಲಿಲ್ಲ."

ಬೀಗದ ಕೈಗಳ ಸದ್ದು ಹತ್ತಿರವಾಯಿತು.

"ಅವಳಿಗೆ ಹೇಳ್ಬೇಡಿ," ಎಂದ ಅವನು. "ನಾನೂ ಎಲ್ಲೂ ಹೇಳಲ್ಲ."

ಹೊರಗಿನ ಬೆಂಚಿನಲ್ಲಿ ಅವಳು ಕಾದಿದ್ದಳು. ಅಣ್ಣನೇ ಎಂಬುದು ಆಗಲೇ ಕಿವಿಗೆ ಬಿದ್ದಿತ್ತು. ಅತ್ತು ಮುಗಿದಿತ್ತು.

"ಜೈಲಿಗೆ ಹೆದರಿದ ಅಂತಾರೆ. ಸರಿ," ಎಂದಳು. "ಒಂದು ಮಾತ್ರ ಅರ್ಥ ಆಗಲ್ಲ ಮೇಡಂ. ನಾನು ಗೋಡೆ ಆಚೆನೇ ಇದ್ದೆ. ಒಂದು ಸಲ ಕೂಗಿದ್ರೂ ಓಡಿ ಬರ್ತಿದ್ದೆ. ಬಾಯಿ ಯಾಕೆ ಮುಚ್ಚಿದ? ಯಾವಾಗ ಮುಚ್ಚಿದ? ನಾನಾಗ ಏನು ಮಾಡ್ತಿದ್ದೆ?"

ಇನ್ಸ್‌ಪೆಕ್ಟರ್ ಅವಳ ಪಕ್ಕ ಕುಳಿತಳು. ಕೊಟ್ಟ ಮಾತು ನೆನಪಿತ್ತು. ಕೊಲೆ ಸಾಬೀತಾಗಲು ಡಾಕ್ಟರ ವರದಿ ಸಾಕು, ಉರುಳೆಯ ಕಲೆ ಸಾಕು. ಪೊಲೀಸರ ಮುಂದೆ ಆಡಿದ ಮಾತು ಹೇಗೂ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

"ಅವನು ಅಷ್ಟೇ ಹೇಳಿದ್ದಮ್ಮ. ಹೆದರಿದವನ ಕೈಗೆ ಕಾರಣ ಇರಲ್ಲ."

ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಪುಟಾಣಿ ಬಾಗಿಲಲ್ಲಿ ನಿಂತು ಕೇಳಿದ: "ಮೇಡಂ, ಹೇಳಿಕೆಗೆ ಇನ್ನೇನಾದ್ರೂ ಸೇರಿಸ್ಬೇಕಾ?"

ಅವನಿಗಾಗಲಿ, ಸರ್ಕಾರಿ ವಕೀಲರಿಗಾಗಲಿ, ಮನೆಯಲ್ಲಿ ತನ್ನವರಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಆಗಲೇ ತೀರ್ಮಾನಿಸಿದ್ದಳು.

"ಇಲ್ಲ," ಎಂದಳು. "ಸಹಿ ಮಾಡಿಸು."